ಆರ್‌ಸಿ ಕಾರು ಒಂದೇ ಕಡೆ ಎಳೆಯುತ್ತಿದೆಯಾ? ಟ್ರಿಮ್ ಕೊನೆಗೆ ಮುಟ್ಟಿ

ಸ್ಟೀರಿಂಗ್ ಮುಟ್ಟಿಲ್ಲ, ಬರೀ ಥ್ರಾಟಲ್ ಒತ್ತಿದ್ದೀರಿ. ಆದರೂ ಕಾರು ಸೀದಾ ಹೋಗದೆ ಎಡಕ್ಕೋ ಬಲಕ್ಕೋ ಎಳೆಯುತ್ತಿದೆ. ಆಗ ಎಲ್ಲರ ಕೈ ಮೊದಲು ಹೋಗುವುದು ರಿಮೋಟ್‌ನ ಟ್ರಿಮ್ ಕಡೆಗೆ, ಅಂದರೆ ಸ್ಟೀರಿಂಗಿನ ನಡುವನ್ನು ಸ್ವಲ್ಪ ಆಚೀಚೆ ಸರಿಸುವ ಗುಂಡಿಯ ಕಡೆಗೆ. ಎಷ್ಟೋ ಸಲ ಅದರಿಂದ ಕಾರು ನೆಟ್ಟಗೆ ಓಡುತ್ತದೆ ಕೂಡ, ಆದರೆ ಒಳಗೆ ಬೆಂಡಾದ ರಾಡು, ಸಡಿಲವಾದ ಸ್ಕ್ರೂ ಹಾಗೇ ಇರುತ್ತದೆ, ಮೇಲಾಗಿ ಕಾರು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ತಿರುಗಲು ಶುರು ಮಾಡುತ್ತದೆ. ಹಾಗಾಗಿ ಈಗ ಟ್ರಿಮ್ ಸೊನ್ನೆಗೆ ತನ್ನಿ. ಸಬ್‌ಟ್ರಿಮ್ (ಇದೇ ನಡುವನ್ನು ಸರಿಸುವ, ರಿಮೋಟ್‌ನ ಇನ್ನೊಂದು ಸೆಟ್ಟಿಂಗ್) ಇದ್ದರೆ ಅದನ್ನೂ ಸೊನ್ನೆ ಮಾಡಿ.

ಮೊದಲು ತಪ್ಪು ಕಾರಿನದ್ದೋ ನೆಲದ್ದೋ ನೋಡಿ. ನಮ್ಮ ರಸ್ತೆಗಳು ಚರಂಡಿ ಕಡೆಗೆ ಇಳಿಜಾರು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಓಡಿಸುತ್ತೇವೆ ಅಂತೀರಾ? ಅಲ್ಲೂ ನೀರು ಹರಿಯಲೆಂದು ವಾಟ ಕೊಟ್ಟಿರುತ್ತಾರೆ. ಅದಕ್ಕೇ ಒಂದೇ ಗೆರೆಯ ಮೇಲೆ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಓಡಿಸಿ. ಎರಡೂ ಸಲ ಕಾರಿನ ಎಡಕ್ಕೇ ಎಳೆದರೆ ತೊಂದರೆ ಕಾರಿನಲ್ಲಿದೆ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಎಳೆದರೆ ಕಾರಿನ ತಪ್ಪೇನಿಲ್ಲ, ಅದನ್ನು ಸುಮ್ನೆ ಬಿಡಿ.

ಹೇಗೆ ಎಳೆಯುತ್ತದೆ ಎನ್ನುವುದನ್ನೂ ಗಮನಿಸಬೇಕು. ನನ್ನ ಪ್ರಕಾರ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಯಾವಾಗಲೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಎಳೆದರೆ ಹಾರ್ನ್ (ಸ್ಟೀರಿಂಗ್ ತಿರುಗಿಸುವ ಪುಟ್ಟ ಯಂತ್ರವಾದ ಸರ್ವೋದ ಮೇಲೆ ಕೂರುವ ಕೈ) ಅಥವಾ ಚಕ್ರಗಳನ್ನು ತಿರುಗಿಸುವ ರಾಡಿನ ಅಳತೆ ತಪ್ಪಿದೆ. ಎಡಕ್ಕೆ ತಿರುಗಿಸಿ ಬಿಟ್ಟ ಮೇಲೆ ಎಡಕ್ಕೆ, ಬಲಕ್ಕೆ ತಿರುಗಿಸಿ ಬಿಟ್ಟ ಮೇಲೆ ಬಲಕ್ಕೆ ಎಳೆದರೆ ಎಲ್ಲೋ ಬಿಗಿತ ಇದೆ, ಇಲ್ಲವೇ ಪ್ಲೇ, ಅಂದರೆ ಸಡಿಲಾಟ, ಬಂದಿದೆ. ಇದನ್ನು ಟ್ರಿಮ್‌ನಿಂದ ಸರಿ ಮಾಡುವುದು ಆಗದ ಮಾತು, ಏಕೆಂದರೆ ಅಲ್ಲಿ ನಡು ಅನ್ನೋದೇ ಒಂದು ಕಡೆ ನಿಂತಿಲ್ಲ. ಜೋರಾಗಿ ಥ್ರಾಟಲ್ ಕೊಟ್ಟಾಗ ಮಾತ್ರ ಎಳೆದರೆ ಸ್ಟೀರಿಂಗ್ ಬಿಟ್ಟು ಟೈರು, ವೀಲ್ ಬೇರಿಂಗ್, ಡಿಫರೆನ್ಷಿಯಲ್ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರು) ನೋಡಿ. ಕಾರನ್ನು ಎತ್ತಿ ಹಿಡಿದು ಒಂದೊಂದೇ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಯಾವುದು ಬಿಗಿಯಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ.

ಈಗ ಕಾರನ್ನು ಒಂದು ಡಬ್ಬದ ಮೇಲಿಡಿ, ನಾಲ್ಕೂ ಚಕ್ರ ಗಾಳಿಯಲ್ಲಿರಲಿ. ಮೋಟರಿನ ವೈರ್ ಬಿಡಿಸಿ. ಬೆರಳು ಹತ್ತಿರ ಇರುವಾಗ ಥ್ರಾಟಲ್ ತಾಗಿಬಿಟ್ಟರೆ ಕಷ್ಟ, ಅಲ್ವಾ?

ಪವರ್ ಆಫ್ ಇರುವಾಗಲೇ ಸರ್ವೋದಿಂದ ಸ್ಟೀರಿಂಗಿಗೆ ಹೋಗುವ ಲಿಂಕನ್ನು ಕಳಚಿ, ಮುಂದಿನ ಚಕ್ರಗಳನ್ನು ಕೈಯಿಂದ ಆ ತುದಿಯಿಂದ ಈ ತುದಿಗೆ ಆಡಿಸಿ. ಎಲ್ಲೂ ಹಿಡಿಯದೆ ಸಲೀಸಾಗಿ ಆಡಬೇಕು. ಮಳೆಗಾಲದಲ್ಲಿ ಖಾಲಿ ಸೈಟಿನ ಕೆಂಪು ಮಣ್ಣಿನಲ್ಲಿ ಓಡಿಸಿದ ಕಾರಾದರೆ ಬೆಲ್‌ಕ್ರ್ಯಾಂಕ್ (ಸರ್ವೋದ ಚಲನೆಯನ್ನು ರಾಡುಗಳಿಗೆ ದಾಟಿಸುವ ತುಂಡು) ಸಂದಿಯಲ್ಲಿ ಮರಳು ಸೇರಿರುತ್ತದೆ. ಬಿಚ್ಚಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ದಯವಿಟ್ಟು ಕೊಬ್ಬರಿ ಎಣ್ಣೆ ಬಿಡಬೇಡಿ, ನಾಳೆಯೇ ಧೂಳು ಅಂಟಿಕೊಂಡು ಮೊದಲಿಗಿಂತ ಬಿಗಿಯಾಗುತ್ತದೆ. ಹಲವು ಕಾರುಗಳಲ್ಲಿ ಸರ್ವೋ ಸೇವರ್ ಇಲ್ಲೇ ಇರುತ್ತದೆ. ಚಕ್ರ ಗೋಡೆಗೆ ಹೊಡೆದಾಗ ಆ ಏಟು ಸರ್ವೋದ ಗೇರಿಗೆ ಹೋಗದಂತೆ ತಡೆಯುವ ಸ್ಪ್ರಿಂಗ್ ಅದು. ಅದು ಸಡಿಲವಾದರೆ ಚಕ್ರ ನಡುವಿಗೆ ವಾಪಸ್ ಬರುವುದಿಲ್ಲ. ಬಿಗಿ ಮಾಡುವ ನಟ್ ಇದ್ದರೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪೂರ್ತಿ ಬಿಗಿದರೆ ಸೇವರ್ ಇದ್ದೂ ಇಲ್ಲದ ಹಾಗೆ.

ಮುಂದಿನದು ಮುಖ್ಯ ಕೆಲಸ, ಹಾರ್ನ್. ಮೊದಲು ರಿಮೋಟ್, ಆಮೇಲೆ ಕಾರು ಆನ್ ಮಾಡಿ. ಸ್ಟೀರಿಂಗ್ ಮುಟ್ಟದೆ ಬಿಟ್ಟರೆ ಸರ್ವೋ ತನ್ನ ನಡುವಿಗೆ ಬಂದು ನಿಲ್ಲುತ್ತದೆ. (ಕಾರಿನೊಳಗಿನ ರಿಸೀವರ್‌ನಲ್ಲಿ ಜೈರೋ, ಅಂದರೆ ಕಾರು ಸೀದಾ ಹೋಗಲೆಂದು ತಾನೇ ಸ್ಟೀರಿಂಗ್ ತಿದ್ದುವ ಭಾಗ, ಇದ್ದರೆ ಆನ್ ಮಾಡುವಾಗ ಕಾರನ್ನು ಅಲುಗಾಡಿಸಬೇಡಿ, ಅದೂ ನಡು ತಪ್ಪಿಸುತ್ತದೆ.) ಈಗ ಹಾರ್ನಿನ ಸ್ಕ್ರೂ ಬಿಚ್ಚಿ ಹಾರ್ನ್ ಹೊರಗೆ ತೆಗೆಯಿರಿ, ಸ್ಕ್ರೂ ತಿರುಗಿಸುವಾಗ ಹಾರ್ನನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಒಳಗಿನ ಗೇರಿನ ಹಲ್ಲು ಮುರಿಯಬಹುದು. ಆಮೇಲೆ ಲಿಂಕಿಗೆ ನೇರ 90 ಡಿಗ್ರಿ ಬರುವಂತೆ ವಾಪಸ್ ಕೂರಿಸಿ. ಕಾರಿನ ಮ್ಯಾನ್ಯುಯಲ್ ಬೇರೆ ಕೋನ ಹೇಳಿದರೆ ಅದನ್ನೇ ಪಾಲಿಸಿ. ಸರಿಯಾಗಿ 90ಕ್ಕೆ ಕೂರುವುದು ಅಪರೂಪ. ಹಾರ್ನ್ ಕೂರುವ ಕಡ್ಡಿಗೆ 25 ಹಲ್ಲು ಇರುವ ಸರ್ವೋದಲ್ಲಿ ಒಂದು ಹಲ್ಲು ಸರಿಸಿದರೆ 14.4 ಡಿಗ್ರಿ ಬದಲಾಗುತ್ತದೆ, ಅಂದರೆ ಒಂದು ಹಲ್ಲು ಆಚೆ ಹಾಕಿದರೂ ತಪ್ಪು, ಈಚೆ ಹಾಕಿದರೂ ತಪ್ಪು ಅನ್ನುವ ಪರಿಸ್ಥಿತಿ. ನಾಲ್ಕು ಕೈಯ ಹಾರ್ನ್ ಇದ್ದರೆ ಒಂದೊಂದು ಕೈಯನ್ನೂ ಹಾಕಿ ನೋಡಿ. 25ನ್ನು ನಾಲ್ಕರಿಂದ ಸಮವಾಗಿ ಭಾಗಿಸಲು ಆಗದ ಕಾರಣ ಪ್ರತಿ ಕೈಯೂ ಸ್ವಲ್ಪ ಬೇರೆ ಕೋನದಲ್ಲಿ ಕೂರುತ್ತದೆ. ಉಳಿದದ್ದಕ್ಕೆ ಸಬ್‌ಟ್ರಿಮ್ ಇದೆ.

ಹಾರ್ನ್ ನೆಟ್ಟಗಾಯಿತು, ಚಕ್ರ ಇನ್ನೂ ಸೊಟ್ಟ ಅಂದರೆ ರಾಡುಗಳ ಸರದಿ. ಎಡದ ರಾಡು, ಬಲದ ರಾಡು ಸಮ ಇವೆಯೇ ಎಂದು ಸ್ಕೇಲ್ ಇಟ್ಟು ಅಳೆಯಿರಿ. ಗಾಜಿನ ಮೇಲೆ ಉರುಳಿಸಿದರೆ ಬೆಂಡು ಕಾಣುತ್ತದೆ. ಟರ್ನ್‌ಬಕಲ್ ಆದರೆ ಕಳಚುವುದೇ ಬೇಡ. ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಇರುತ್ತದೆ. ನಡುವೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಉದ್ದ ಕಮ್ಮಿ ಜಾಸ್ತಿ ಆಗುತ್ತದೆ.

ಲಿಂಕ್ ಮತ್ತೆ ಸೇರಿಸಿ ಸಬ್‌ಟ್ರಿಮ್‌ನಲ್ಲಿ ಚಕ್ರ ನೆಟ್ಟಗೆ ಮಾಡಿ. ಆಮೇಲೆ ಎಂಡ್ ಪಾಯಿಂಟ್, ಅಂದರೆ ಸರ್ವೋ ಆಯಾ ಕಡೆಗೆ ಎಷ್ಟರವರೆಗೆ ತಿರುಗಬೇಕು ಎಂದು ರಿಮೋಟ್‌ನಲ್ಲಿ ಇಡುವ ಮಿತಿ. ಪೂರ್ತಿ ತಿರುಗಿಸಿದಾಗ ಸರ್ವೋ ಗುಂಯ್ ಅಂದರೆ ಅದು ತಿರುಗಲು ಜಾಗವಿಲ್ಲದೆ ಒದ್ದಾಡುತ್ತಿದೆ, ಸದ್ದು ನಿಲ್ಲುವವರೆಗೆ ಆ ಕಡೆಯ ಮಿತಿ ಇಳಿಸಿ. ಬಿಡಿಸಿದ್ದ ಮೋಟರ್ ವೈರ್ ಹಾಕಿ ಓಡಿಸಿ ನೋಡಿ. ಇನ್ನೂ ಕೂದಲೆಳೆಯಷ್ಟು ಎಳೆದರೆ ಆಗ ಟ್ರಿಮ್ ಮುಟ್ಟಬಹುದು.

ಮಕ್ಕಳ ಅಗ್ಗದ ಆಟಿಕೆ ಕಾರಿಗೆ ಇಷ್ಟೆಲ್ಲ ಬೇಕಿಲ್ಲ. ಹಲವು ಕಾರುಗಳಲ್ಲಿ ಮುಂಚಕ್ರಗಳ ನಡುವೆ, ಹೊಟ್ಟೆಯ ಕೆಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿ ಇರುತ್ತದೆ. ಅದನ್ನು ಆಚೀಚೆ ಸರಿಸಿದರೆ ಮುಗಿಯಿತು.

ಸರ್ವೋನೇ ಕೆಟ್ಟಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ರೋಬೋ ಪ್ರಾಜೆಕ್ಟಿಗೆಂದು ಮಾರುವ ತೀರಾ ಅಗ್ಗದವು ಶಕ್ತಿಯಲ್ಲಿ ಪರವಾಗಿಲ್ಲ, ಆದರೆ ಪ್ರತಿ ಸಲ ಅದೇ ನಡುವಿಗೆ ಬರುತ್ತವೆ ಎಂಬ ನಂಬಿಕೆ ನನಗಿಲ್ಲ. ಹಳೇ ಹಾರ್ನ್ ಜೊತೆಗೆ ಒಯ್ಯಿರಿ. 23, 24, 25 ಹಲ್ಲಿನ ಸರ್ವೋಗಳು ನೋಡಲು ಒಂದೇ ಥರ, ಒಂದರ ಹಾರ್ನ್ ಇನ್ನೊಂದಕ್ಕೆ ಕೂರುವುದಿಲ್ಲ.