ಯಾವ ಸಿನಿಮಾಕ್ಕೆ ಯಾವ ಅಳತೆ: ಪ್ರೇಕ್ಷಕರು ಅಭಿಪ್ರಾಯ ಬರೆಯುವ ಬಗೆ

‘ಫಸ್ಟ್ ಹಾಫ್ ಲ್ಯಾಗ್, ಸೆಕೆಂಡ್ ಹಾಫ್ ಪರವಾಗಿಲ್ಲ, ಒಂದು ಸಲ ನೋಡಬಹುದು.’ ಈ ಸಾಲನ್ನು ಯಾವ ಸಿನಿಮಾಕ್ಕೆ ಬೇಕಾದರೂ ಅಂಟಿಸಬಹುದು. ಹಾಗಾಗಿಯೇ ಓದಿದವರಿಗೆ ಅದರಿಂದ ಏನೂ ಗಿಟ್ಟುವುದಿಲ್ಲ. ಹಾಸ್ಯಚಿತ್ರ ನಗಿಸುತ್ತೇನೆಂದು ನಮ್ಮನ್ನು ಕರೆದಿರುತ್ತದೆ, ಹಾರರ್ ಹೆದರಿಸುತ್ತೇನೆಂದು. ಮೊದಲು ನೋಡಬೇಕಾದ್ದು ಹೇಳಿದ್ದನ್ನು ಕೊಟ್ಟಿತೋ ಇಲ್ಲವೋ ಎಂದು. ದೆವ್ವದ ಸಿನಿಮಾದಲ್ಲಿ ಸಂದೇಶ ಹುಡುಕಿ, ಸಿಗಲಿಲ್ಲವೆಂದು ಎರಡು ಸ್ಟಾರ್ ಕಡಿಮೆ ಮಾಡುವುದು ನ್ಯಾಯವಲ್ಲ.

ನೋಡುತ್ತಾ ಬರೆಯಬೇಡಿ. ಥಿಯೇಟರಿನ ಕತ್ತಲಲ್ಲಿ ಮೊಬೈಲ್ ಬೆಳಗಿಸಿದರೆ ಹಿಂದಿನ ಸಾಲಿನವರು ಬೈಯುವುದು ಸರಿಯೇ. ಮುಗಿದು ಹತ್ತು ನಿಮಿಷದೊಳಗೆ ನಾಲ್ಕು ವಿಷಯ ಗುರುತು ಹಾಕಿಕೊಳ್ಳಿ: ಎಲ್ಲಿ ಮೈಮರೆತಿರಿ, ಎಲ್ಲಿ ಟೈಮ್ ನೋಡಿಕೊಂಡಿರಿ, ಯಾವ ಪಾತ್ರದ ಹೆಸರು ನೆನಪಿಲ್ಲ, ಏನು ಅರ್ಥವಾಗಲಿಲ್ಲ. ಟೈಮ್ ನೋಡಿಕೊಂಡ ಜಾಗ ಎಲ್ಲಕ್ಕಿಂತ ಉಪಯೋಗಿ. ಬೇಸರ ಕಾಣಿಸಿಕೊಳ್ಳುವುದು ಅಲ್ಲಾದರೂ ಹುಟ್ಟಿದ್ದು ಬಹಳ ಸಲ ಅದಕ್ಕೂ ಹತ್ತು ಹದಿನೈದು ನಿಮಿಷ ಹಿಂದೆ. ನಾಯಕನಿಗೆ ಬೇಕಾದ್ದು ಆಗಲೇ ಸಿಕ್ಕಿಬಿಟ್ಟಿರುತ್ತದೆ, ಇಲ್ಲವೇ ಹೊಸ ಪಾತ್ರವೊಂದು ನುಗ್ಗಿ ಮೊದಲಿನ ಪ್ರಶ್ನೆಯನ್ನೇ ಮರೆಸಿರುತ್ತದೆ. ಅದನ್ನು ಪತ್ತೆಮಾಡಿದರೆ ‘ಲ್ಯಾಗ್’ ಎಂಬ ಪದದ ಜಾಗದಲ್ಲಿ ಕಾರಣ ಬರೆಯಬಹುದು. ಪೂರ್ತಿ ಅಭಿಪ್ರಾಯವನ್ನು ಮಾತ್ರ ಒಂದು ರಾತ್ರಿ ಕಳೆದ ಮೇಲೆ ಬರೆಯಿರಿ, ಕ್ಲೈಮ್ಯಾಕ್ಸಿನ ಗದ್ದಲ ಅಷ್ಟರಲ್ಲಿ ಇಳಿದಿರುತ್ತದೆ.

ಥ್ರಿಲ್ಲರ್ ವಿಷಯದಲ್ಲಿ ಮೊದಲ ಪ್ರಶ್ನೆ, ಯಾರಿಗೆ ಏನು ಗೊತ್ತಿದೆ ಎಂಬುದು. ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದಕ್ಕೆ ಮೇಜಿನಡಿಯ ಬಾಂಬಿನ ಉದಾಹರಣೆ ಕೊಡುತ್ತಿದ್ದರು. ಇಬ್ಬರು ಕೂತು ಲೋಕಾಭಿರಾಮ ಮಾತಾಡುತ್ತಿರುವಾಗ ಇದ್ದಕ್ಕಿದ್ದಂತೆ ಬಾಂಬ್ ಸಿಡಿದರೆ ನೋಡುವವರು ಬೆಚ್ಚಿಬೀಳುವುದು 15 ಸೆಕೆಂಡು. ಬಾಂಬ್ ಇರುವುದನ್ನು ಮೊದಲೇ ತೋರಿಸಿಬಿಟ್ಟರೆ ಅದೇ ಹುರುಳಿಲ್ಲದ ಮಾತುಕತೆ 15 ನಿಮಿಷ ಉಸಿರು ಬಿಗಿಹಿಡಿಸುತ್ತದೆ. ನೀವು ನೋಡಿದ ಚಿತ್ರ ಬರೀ ಬೆಚ್ಚಿಸುತ್ತಾ ಹೋಯಿತೋ, ಕಾಯಿಸಿತೋ? ಇದನ್ನೊಂದು ಬರೆದರೂ ಓದುವವರಿಗೆ ಚಿತ್ರದ ಜಾಯಮಾನ ಗೊತ್ತಾಗುತ್ತದೆ.

ಇನ್ನು ಟ್ವಿಸ್ಟ್. ಗುಟ್ಟು ಹೊರಬಿದ್ದ ಮೇಲೆ ಹಿಂದಿನ ಎರಡು ಮೂರು ದೃಶ್ಯಗಳನ್ನು ಮತ್ತೆ ನೆನಪಿಗೆ ತಂದುಕೊಳ್ಳಿ, ಒಟಿಟಿಯಲ್ಲಾದರೆ ಹಿಂದಕ್ಕೆ ಓಡಿಸಿ ನೋಡಿ. ಕೊಲೆಗಾರ ಪೊಲೀಸರೆದುರು ನಡುಗಿದ್ದರೆ ಅದು ಪಾತ್ರದ ನಾಟಕ, ಒಪ್ಪಬಹುದು. ಅದೇ ಆತ ಬಾಗಿಲು ಹಾಕಿಕೊಂಡು ಒಬ್ಬನೇ ಕೂತಿದ್ದಾಗಲೂ ಏನೂ ಅರಿಯದವನಂತೆ ನಡುಗಿದ್ದರೆ? ಆ ಕೋಣೆಯಲ್ಲಿ ಅವನು ನಂಬಿಸಬೇಕಾದವರು ಯಾರೂ ಇರಲಿಲ್ಲ, ನಮ್ಮನ್ನು ಬಿಟ್ಟು. ಅಂಥದ್ದು ಟ್ವಿಸ್ಟ್ ಅಲ್ಲ, ಮೋಸ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಹೊಸದಾಗಿ ಬಂದವನೇ ಅಪರಾಧಿ ಎನ್ನುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ‘ನನಗೆ ಮೊದಲೇ ಗೊತ್ತಾಯ್ತು’ ಎಂದು ಬರೆಯುವ ಮುನ್ನ ಹೇಗೆ ಗೊತ್ತಾಯಿತೆಂದು ಕೇಳಿಕೊಳ್ಳಿ. ಸಣ್ಣ ಪಾತ್ರಕ್ಕೆ ದೊಡ್ಡ ನಟನನ್ನು ಹಾಕಿದ್ದರಿಂದ ಗೊತ್ತಾಗಿದ್ದರೆ ತಪ್ಪಿರುವುದು ನಟರ ಆಯ್ಕೆಯಲ್ಲಿ, ಚಿತ್ರಕಥೆಯಲ್ಲಲ್ಲ.

ಹಾರರ್‌ಗೆ ಸುಲಭದ ಪರೀಕ್ಷೆಯಿದೆ: ಹೆದರಿದ ದೃಶ್ಯವನ್ನು ಸದ್ದು ತೆಗೆದು ನೋಡಿ. ಮೂರು ಸೆಕೆಂಡು ನಿಶ್ಶಬ್ದ, ಆಮೇಲೆ ಕಿವಿಗಡಚಿಕ್ಕುವ ಸದ್ದು, ಕನ್ನಡಿಯಲ್ಲಿ ಮುಖ. ಮ್ಯೂಟ್ ಮಾಡಿದಾಗ ಇದರಲ್ಲಿ ಏನೂ ಉಳಿಯದಿದ್ದರೆ ನೀವು ಸದ್ದಿಗೆ ಬೆಚ್ಚಿದ್ದು. ಸದ್ದಿಲ್ಲದೆಯೂ ಆ ಖಾಲಿ ಮೂಲೆಯಿಂದ ಕಣ್ಣು ಕೀಳಲು ಆಗದಿದ್ದರೆ ಹೆದರಿಕೆ ಫ್ರೇಮಿನೊಳಗೇ ಇದೆ. ಆದರೆ ಮೊದಲ ಸಲ ಮಾತ್ರ ಕತ್ತಲಲ್ಲಿ, ಹೆಡ್‌ಫೋನ್ ಹಾಕಿಕೊಂಡು, ನಿಲ್ಲಿಸದೆ ನೋಡಬೇಕು. ಹಗಲಲ್ಲಿ ವಾಲ್ಯೂಮ್ ತಗ್ಗಿಸಿಕೊಂಡು ನೋಡಿ ‘ಭಯವೇ ಆಗಲಿಲ್ಲ’ ಎಂದರೆ ಆ ಮಾತಿಗೆ ತೂಕವಿಲ್ಲ.

ಹಾಸ್ಯದ ಬಗ್ಗೆ ಬರೆಯುವುದು ಎಲ್ಲಕ್ಕಿಂತ ಕಷ್ಟ. ನಗು ಅಂಟುರೋಗ: ತುಂಬಿದ ಥಿಯೇಟರಿನಲ್ಲಿ ಬಿದ್ದು ಬಿದ್ದು ನಕ್ಕ ದೃಶ್ಯಕ್ಕೆ ಒಬ್ಬರೇ ನೋಡುವಾಗ ತುಟಿಯಂಚೂ ಅಲುಗದಿರಬಹುದು. ಆದ್ದರಿಂದ ಎಲ್ಲಿ, ಯಾರ ಜೊತೆ ನೋಡಿದಿರಿ ಎಂಬುದನ್ನು ಬರೆಯಿರಿ. ಆಮೇಲೆ ನಕ್ಕ ಮೂರು ಜಾಗ ಹಿಡಿದು ಒಂದು ಪ್ರಶ್ನೆ ಕೇಳಿ: ಈ ಮಾತನ್ನು ಬೇರೆ ಪಾತ್ರದ ಬಾಯಲ್ಲಿ ಇಟ್ಟಿದ್ದರೂ ನಗು ಬರುತ್ತಿತ್ತೇ? ಬರುತ್ತಿದ್ದರೆ ಅದು ಜೋಕು, ಎಲ್ಲಿಯದೋ ತಂದು ಸೇರಿಸಿದ್ದು. ಅದೇ ಪಾತ್ರ ಹೇಳಿದರಷ್ಟೇ ನಗು ಎಂದಾದರೆ ಪಾತ್ರ ಕಟ್ಟಿದ್ದು ಗಟ್ಟಿಯಾಗಿದೆ. ದಪ್ಪಗಿರುವವರನ್ನು, ತೊದಲುವವರನ್ನು ಆಡಿಕೊಂಡೇ ಎರಡು ಗಂಟೆ ಓಡಿಸಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಪ್ರತಿ ಪಂಚ್ ಮಾತಿನ ಹಿಂದೆ ‘ಟೊಂಯ್’ ಎಂಬ ಸದ್ದು ಬರುತ್ತಿದ್ದರೆ ತಮ್ಮ ಹಾಸ್ಯದ ಮೇಲೆ ಮಾಡಿದವರಿಗೇ ನಂಬಿಕೆ ಇರಲಿಲ್ಲ ಎಂದರ್ಥ.

ಫೈಟಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಬಾಗಿಲು ಯಾವ ಕಡೆ ಎಂಬುದು ಗೊತ್ತಾಗಬೇಕು. ಹತ್ತು ಸೆಕೆಂಡಿನಲ್ಲಿ ಎಷ್ಟು ಕಟ್ ಬಂತೆಂದು, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಎಷ್ಟು ಸಲ ಹಾರಿತೆಂದು ಎಣಿಸಿ. ಹತ್ತು ಹನ್ನೆರಡು ದಾಟಿ, ಏಟು ಬೀಳುವ ಕ್ಷಣವೇ ಕಾಣದಿದ್ದರೆ ಏನನ್ನೋ ಮುಚ್ಚಲು ಹಾಗೆ ಕತ್ತರಿಸಿರಬಹುದು. ಪ್ರೇಮಕಥೆಯಲ್ಲಿ ಹಾಡುಗಳನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿ, ಇಬ್ಬರೂ ಹತ್ತಿರವಾಗಲು ಕಾರಣ ಉಳಿಯುತ್ತದೆಯೇ? ಕಣ್ಣೀರಿನ ಚಿತ್ರವಾದರೆ ಪಿಟೀಲು ಮೊದಲು ಅತ್ತಿತೋ ನೀವು ಮೊದಲು ಅತ್ತಿರೋ ಗಮನಿಸಿ. ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಚಿತ್ರಗಳಲ್ಲಿ ‘ಹೀಗೆಲ್ಲ ಆಗುತ್ತದೆಯೇ’ ಎಂಬ ತಕರಾರು ಬೇಡ, ಮೊದಲರ್ಧ ಗಂಟೆಯಲ್ಲಿ ಹಾಕಿಕೊಂಡ ನಿಯಮವನ್ನು ಕ್ಲೈಮ್ಯಾಕ್ಸಿನಲ್ಲಿ ಅವರೇ ಮುರಿದರೇ ಎಂಬುದಷ್ಟೇ ಪ್ರಶ್ನೆ.

ತಪ್ಪನ್ನು ಯಾರ ತಲೆಗೆ ಕಟ್ಟುತ್ತೀರಿ ಎಂಬುದರಲ್ಲೂ ಎಚ್ಚರ ಬೇಕು. ಸಿನಿಮಾ ಉದ್ದವಾಯಿತೆಂದರೆ ಎಲ್ಲರೂ ಎಡಿಟರನ್ನು ಬೈಯುತ್ತಾರೆ. ಆ ದೃಶ್ಯ ಬೇಡವೆಂದು ಎಡಿಟರ್ ಹೇಳಿಯೂ ನಿರ್ದೇಶಕರು ಉಳಿಸಿಕೊಂಡಿರಬಹುದು, ಅದು ತೆರೆಯ ಮೇಲೆ ಕಾಣುವುದಿಲ್ಲ. ‘ಈ ದೃಶ್ಯ ಇಲ್ಲದಿದ್ದರೂ ಕಥೆ ನಡೆಯುತ್ತಿತ್ತು’ ಎಂದು ಬರೆದರೆ ಸಾಕು. ಬೆಟ್ಟ, ಮಂಜು ಚೆನ್ನಾಗಿ ಕಂಡ ಮಾತ್ರಕ್ಕೆ ಛಾಯಾಗ್ರಹಣ ಚೆನ್ನಾಗಿದೆ ಎಂದಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ನಾಲ್ಕು ಜನರ ಮುಖಭಾವ ಗೊಂದಲವಿಲ್ಲದೆ ಕಂಡಿತೇ, ಅದನ್ನು ನೋಡಿ. ಡಬ್ ಆದದ್ದನ್ನು ನೋಡಿ ನಟನೆ ಕೃತಕ ಎನ್ನುವ ಮೊದಲು ಒಂದು ದೃಶ್ಯವನ್ನಾದರೂ ಮೂಲ ಭಾಷೆಯಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ.

ಸ್ಟಾರ್ ಕೊಡುವುದಾದರೆ ಈಗಾಗಲೇ ಚೆನ್ನಾಗಿ ಗೊತ್ತಿರುವ ಮೂರು ಸಿನಿಮಾಗಳನ್ನು 2, 3, 4ಕ್ಕೆ ಗೂಟ ಹೊಡೆದು ನಿಲ್ಲಿಸಿಕೊಳ್ಳಿ. ಇದನ್ನು ಪ್ರತಿ ಪ್ರಕಾರಕ್ಕೂ ಬೇರೆಯಾಗಿ ಮಾಡಿ, ಹಾಸ್ಯದ 3 ಬೇರೆ, ಹಾರರ್‌ನ 3 ಬೇರೆ. ಹೊಸದನ್ನು ಆ ಪ್ರಕಾರದ ಗೂಟಗಳ ಪಕ್ಕ ಇಟ್ಟು ನೋಡಿದರೆ ಅಂಕಿ ಕೊಡುವುದು ಸುಲಭ. ಕಥೆ ಹೇಳುವಾಗ ಮೊದಲ ಅರ್ಧ ಗಂಟೆಯಾಚೆ ಹೋಗಬೇಡಿ. ಅದಕ್ಕೂ ಮುಂದಿನದ್ದು ಹೇಳಲೇಬೇಕಾದರೆ ಕೊನೆಯ ಪ್ಯಾರಾದಲ್ಲಿ ಇಟ್ಟು, ‘ಇಲ್ಲಿಂದ ಮುಂದೆ ಸ್ಪಾಯ್ಲರ್’ ಎಂದು ಮೇಲೆಯೇ ಹಾಕಿ. ‘ಕೊನೆಯಲ್ಲೊಂದು ಭಯಂಕರ ಟ್ವಿಸ್ಟ್ ಇದೆ’ ಎನ್ನುವುದೂ ಸ್ಪಾಯ್ಲರೇ. ಓದಿದವರು ಮೊದಲ ದೃಶ್ಯದಿಂದಲೇ ಎಲ್ಲರನ್ನೂ ಅನುಮಾನಿಸುತ್ತಾ ಕೂರುತ್ತಾರೆ.