ದಾಳಿ ಮಾಡುವವನ ಕಣ್ಣಲ್ಲಿ ಶ್ರೀರಂಗಪಟ್ಟಣ: ದ್ವೀಪದ ಕಾವಲನ್ನು ನಾನು ಅಳೆದ ರೀತಿ

ನಾನು ಮಂಡ್ಯದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಶ್ರೀರಂಗಪಟ್ಟಣಕ್ಕೆ ಬರುವವರು ಸಾಮಾನ್ಯವಾಗಿ ಕೋಟೆಯ ಒಳಗಿಂದ ಶುರು ಮಾಡುತ್ತಾರೆ. ನಾನು ಆಚೆ ದಡದಿಂದ ಶುರು ಮಾಡಿದೆ. ದ್ವೀಪದ ರಕ್ಷಣೆ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ನೀರು ದಾಟಿ ಬರುವವನಿಗೆ ಏನು ಕಾಣುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ನಕ್ಷೆ ಬಿಡಿಸಿಕೊಂಡರೆ ಮೊದಲ ವಿಷಯ ತಾನಾಗೇ ಕಾಣುತ್ತದೆ. ಕಾವೇರಿ ಪಶ್ಚಿಮದಲ್ಲಿ ಎರಡು ಕವಲಾಗಿ, ಪೂರ್ವದ ಸಂಗಮದಲ್ಲಿ ಮತ್ತೆ ಕೂಡುತ್ತದೆ. ನಡುವಿನ ದ್ವೀಪ ಸುಮಾರು 5 ಕಿ.ಮೀ. ಉದ್ದ. ಕೋಟೆ ಇರುವುದು ಪಶ್ಚಿಮದ ತುದಿಯಲ್ಲಿ ಮಾತ್ರ. ದರಿಯಾ ದೌಲತ್, ಗಂಜಾಂ, ಗುಂಬಜ್ ಎಲ್ಲಾ ಕೋಟೆಯ ಹೊರಗೆ. ಅಂದರೆ ದ್ವೀಪ ಹಿಡಿಯುವುದು ಬೇರೆ, ಕೋಟೆ ಹಿಡಿಯುವುದು ಬೇರೆ. 1792ರ ಫೆಬ್ರವರಿ 6ರ ರಾತ್ರಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಉತ್ತರದ ಮುಳ್ಳುಬೇಲಿ ದಾಟಿ ನುಗ್ಗಿತು. ಒಂದು ಭಾಗ ಹೊಳೆ ದಾಟಿ ದ್ವೀಪದ ಪೂರ್ವಕ್ಕೆ ಬಂದು ಕೂತಿತು. ಕೋಟೆ ಬೀಳಲಿಲ್ಲ. ಆದರೆ ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು.

ಆಮೇಲೆ ಟಿಪ್ಪು ಸುಮ್ನೆ ಕೂರಲಿಲ್ಲ. ಒಳಗೆ ಇನ್ನೊಂದು ಗೋಡೆ, ಇನ್ನೊಂದು ಕಂದಕ ಮಾಡಿಸಿದ.

ನಾನು ಜಾಸ್ತಿ ಹೊತ್ತು ಕಳೆದದ್ದು ಪಶ್ಚಿಮದ ಮೂಲೆಯಲ್ಲಿ, 1799ರ ಮುತ್ತಿಗೆಯಲ್ಲಿ ಇಂಗ್ಲಿಷರು ಗೋಡೆ ಒಡೆದ ಜಾಗದ ಎದುರು ದಡದಲ್ಲಿ. ಅಲ್ಲಿ ನಿಂತು ಮೂರು ಪ್ರಶ್ನೆ ಬರೆದುಕೊಂಡೆ. ಗೋಡೆ ಎಷ್ಟು ಕಾಣುತ್ತದೆ? ಎಷ್ಟು ಕಡೆಯಿಂದ ಹೊಡೆಯಬಹುದು? ನಡುವೆ ಎಷ್ಟು ನೀರು?

ಗೋಡೆ ಚೆನ್ನಾಗಿಯೇ ಕಾಣುತ್ತದೆ. ಮರೆಯಾಗುವಂಥ ಗುಡ್ಡವಿಲ್ಲ. ಎರಡನೆಯ ಉತ್ತರ ಇನ್ನೂ ಕೆಟ್ಟದ್ದು. ಮೂಲೆ ಅಂದಮೇಲೆ ಎರಡು ದಡಕ್ಕೂ ತೆರೆದುಕೊಂಡಿರುತ್ತದೆ. ಇಂಗ್ಲಿಷರ ಜನರಲ್ ಹ್ಯಾರಿಸ್‌ನ ಫಿರಂಗಿಗಳು ದಕ್ಷಿಣ ದಡದಲ್ಲಿದ್ದವು. ಸ್ಟುವರ್ಟ್‌ನ ಬಾಂಬೆ ಸೈನ್ಯ ಉತ್ತರ ದಡದಲ್ಲಿತ್ತು. ಎದುರಿನಿಂದ ಗೋಡೆ ಒಡೆಯುವುದು, ಪಕ್ಕದಿಂದ ಗೋಡೆಯ ಮೇಲಿದ್ದವರನ್ನು ಹೊಡೆಯುವುದು. ಇಂಥ ಕಡೆ ಸಿಪಾಯಿ ಎಷ್ಟೇ ಗಟ್ಟಿಗನಾದರೂ ನಿಲ್ಲುವುದು ಕಷ್ಟ, ಅಲ್ವಾ?

ಮೂರನೆಯದೇ ನಿಜವಾದ ವಿಷಯ. ಹೊಳೆಯ ಅಗಲ ಸುಮಾರು 250 ಮೀಟರ್ ಅಂತ ಆಗಿನ ಇಂಗ್ಲಿಷರ ಲೆಕ್ಕ. ಮೇ 4ರ ಮಧ್ಯಾಹ್ನ ದಾಳಿಯ ಮುಂದಾಳು ಬೇರ್ಡ್‌ನ ದಳ ದಾಟಿದಾಗ ನೀರು ಕೆಲವು ಕಡೆ ಪಾದದಷ್ಟು, ಕೆಲವು ಕಡೆ ಸೊಂಟದಷ್ಟು. ಕೆಲವೇ ನಿಮಿಷದಲ್ಲಿ ಅವರ ಬಾವುಟ ಒಡಕಿನ ಮೇಲಿತ್ತು.

ಇಲ್ಲಿ ಒಂದು ಎಚ್ಚರಿಕೆ. ಇಂದಿನ ನೀರು ನೋಡಿ ಅಂದಿನ ಹೊಳೆ ಅಳೆಯಬಾರದು. ಮೇಲ್ಗಡೆ ಕನ್ನಂಬಾಡಿ ಕಟ್ಟೆ ಇದೆ, ಅದರ ಕೆಲಸ ಶುರುವಾದದ್ದೇ 1911ರಲ್ಲಿ. ನಾನು ನೀರಿನ ಬದಲು ಬಂಡೆಗಳನ್ನು, ದಡದ ಎತ್ತರವನ್ನು ನೋಡಿದೆ. ಹೊಳೆಗೆ ಇಳಿಯಲಿಲ್ಲ, ನೀವೂ ಇಳಿಯಬೇಡಿ. ಕಟ್ಟೆಯಿಂದ ನೀರು ಬಿಟ್ಟರೆ ಸೆಳೆತ ಒಮ್ಮೆಲೇ ಏರುತ್ತದೆ.

ಆಮೇಲೆ ತಿಂಗಳು ತಿಂಗಳಿಗೂ ಒಂದು ಪಟ್ಟಿ ಮಾಡಿದೆ: ಹೊಳೆ ಹೇಗಿರುತ್ತದೆ, ಮುತ್ತಿಗೆ ಹಾಕಿದವನ ದವಸ ಎಲ್ಲಿಗೆ ಬಂದಿರುತ್ತದೆ. ಆಗಲೇ 1791 ಮತ್ತು 1799ರ ವ್ಯತ್ಯಾಸ ಹೊಳೆಯಿತು. 1791ರ ಮೇ 15ರಂದು ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯಲ್ಲಿ ಗೆದ್ದ. ಆದರೂ ಮಳೆ ಹಿಡಿದು, ದವಸ ಮುಗಿದು, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಹತ್ತಿರ ತಾನೇ ಹಾಳುಮಾಡಿ ವಾಪಸ್ ಹೋದ. ಹ್ಯಾರಿಸ್ 1799ರ ಏಪ್ರಿಲ್ ಶುರುವಿನಲ್ಲೇ ಬಂದು ಕೂತ. ಅವನಲ್ಲೂ ದವಸ ತೀರುತ್ತಾ ಬಂದಿತ್ತು, ಹೊಳೆ ಏರುವ ದಿನ ಹತ್ತಿರವಾಗಿತ್ತು. ಟಿಪ್ಪು ನಂಬಿದ್ದದ್ದೂ ಅದನ್ನೇ. ನನ್ನ ಲೆಕ್ಕದಲ್ಲಿ ಈ ದ್ವೀಪ ಮುಂಗಾರಿನಲ್ಲಿ ಬಲು ಗಟ್ಟಿ, ಏಪ್ರಿಲ್ ಮೇನಲ್ಲಿ ಪಶ್ಚಿಮದ ಮೂಲೆ ತೀರಾ ದುರ್ಬಲ.

ಮಕ್ಕಳು ಯಾವಾಗಲೂ ಮೀರ್ ಸಾದಿಕ್ ಬಗ್ಗೆ, ಅಂದರೆ ದ್ರೋಹ ಮಾಡಿದ ಅಂತ ಹೇಳುವ ಟಿಪ್ಪುವಿನ ಮಂತ್ರಿಯ ಬಗ್ಗೆ, ಕೇಳುತ್ತಾರೆ. ದ್ರೋಹದ ಕಥೆಯಲ್ಲೇ ಎಲ್ಲವನ್ನೂ ಮುಗಿಸಿಬಿಟ್ಟರೆ ನನಗೆ ನೋವಾಗುತ್ತದೆ. ಆ ಮೂಲೆಯ ಕಾವಲಿನಲ್ಲಿದ್ದ ಸಯ್ಯದ್ ಗಫಾರ್ ದಾಳಿಗೆ ಸ್ವಲ್ಪ ಮೊದಲು ಫಿರಂಗಿ ಗುಂಡಿಗೆ ಸತ್ತ. ಅವನ ಹೆಸರು ಎಷ್ಟು ಜನರಿಗೆ ಗೊತ್ತು? ನಾನು ಈಗ ಒಡಕಿನ ಹತ್ತಿರ ಮಕ್ಕಳನ್ನು ನಿಲ್ಲಿಸಿ ಮೊದಲು ಅವನ ವಿಷಯ ಹೇಳುತ್ತೇನೆ. ಆಮೇಲೆ ಉತ್ತರದ ಗೋಡೆಯ ಗುಂಟ ನಡೆಸಿ, ಟಿಪ್ಪು ಬಿದ್ದ ಜಾಗಕ್ಕೆ ಕರೆದೊಯ್ಯುತ್ತೇನೆ.