ಸೀರೆಯೊಳಗಿನ ಪಂಪು: ನಾನು ಆರಿಸಿಕೊಂಡ ಬಗೆ

ಬೆಳಗಿನ ಜಾವ 3 ಗಂಟೆಗೆ ಶುಗರ್ 118. 7 ಗಂಟೆಗೆ 226. ನಡುವೆ ಒಂದು ಲೋಟ ನೀರು ಬಿಟ್ಟರೆ ಬಾಯಿಗೆ ಏನೂ ಹಾಕಿರಲಿಲ್ಲ. ತೋಳಿಗೆ ಅಂಟಿಸಿಕೊಳ್ಳುವ 14 ದಿನದ ಸೆನ್ಸರನ್ನು ಮೊದಲ ಸಲ ಹಾಕಿಸಿಕೊಂಡಾಗ ಕಂಡಿದ್ದು ಇದು. ಒಂದೆರಡು ದಿನ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. 14 ದಿನದಲ್ಲಿ 10 ದಿನ ಹೀಗೇ ಇತ್ತು.

ನನಗೆ ಟೈಪ್ 1 ಡಯಾಬಿಟಿಸ್ ಬಂದಾಗ 11 ವರ್ಷ. ಈಗ 33. ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಮನೆ ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ. ಊಟಕ್ಕೊಂದರಂತೆ ಮೂರು ಸಲ, ರಾತ್ರಿ ಇಡೀ ದಿನಕ್ಕೆ ಬರುವ ಇನ್ಸುಲಿನ್ ಒಂದು ಸಲ, ಹೀಗೆ ಚುಚ್ಚಿಕೊಂಡೇ ಇಷ್ಟು ದೂರ ಬಂದೆ. ಹೊಟ್ಟೆಯ ಮೇಲೆ ಚುಚ್ಚಿದ ಕಡೆಯೇ ಚುಚ್ಚಿ ಎರಡು ಕಡೆ ಗಂಟು ಕಟ್ಟಿತ್ತು.

ನಸುಕಿನಲ್ಲಿ ಎಲ್ಲರ ಮೈಯಲ್ಲೂ ಕೆಲವು ಹಾರ್ಮೋನು ಏರುತ್ತವೆ, ಲಿವರ್ ಸಕ್ಕರೆ ಬಿಡುತ್ತದೆ. ಬೇರೆಯವರಿಗೆ ಅದಕ್ಕೆ ತಕ್ಕ ಇನ್ಸುಲಿನ್ ಒಳಗೇ ಬರುತ್ತದೆ. ನನಗೆ ಬರುವುದಿಲ್ಲ. ಹಾಗಂತ ರಾತ್ರಿಯ ಡೋಸ್ ಎರಡು ಯೂನಿಟ್ ಏರಿಸಿದರೆ ಒಂದು ಗಂಟೆ ರಾತ್ರಿಗೆ ಲೋ ಆಗಿ ಮೈಯೆಲ್ಲ ಬೆವರು. ಒಮ್ಮೆ ನಮ್ಮ ಮನೆಯವರು ಬೆಲ್ಲದ ನೀರು ಕುಡಿಸಿ ಎಬ್ಬಿಸಿದರು. ಆ ರಾತ್ರಿ ನನಗೆ ಅರ್ಧ ಮಾತ್ರ ನೆನಪಿದೆ. ಮಗುವಿನ ಯೋಚನೆಯೂ ಶುರುವಾಗಿತ್ತು. ಶುಗರ್ ಹತೋಟಿಗೆ ಬರುವವರೆಗೆ ಕಾಯಿರಿ ಎಂದು ಮೈಸೂರಿನ ಡಾಕ್ಟರ್ ಹೇಳಿದ್ದರು. ಇನ್ಸುಲಿನ್ ಪಂಪಿನ, ಅಂದರೆ ಮೈಮೇಲೆ ಇದ್ದುಕೊಂಡು ದಿನವಿಡೀ ಇನ್ಸುಲಿನ್ ಬಿಡುವ ಸಣ್ಣ ಯಂತ್ರದ, ಮಾತು ಬಂದಿದ್ದು ಆಗಲೇ.

ನಮ್ಮ ಕಡೆ ಪಂಪು ಅಂದರೆ ಬೋರ್‌ವೆಲ್ ಪಂಪು. ಅತ್ತೆಗೆ ಅರ್ಥ ಮಾಡಿಸಲು ಗದ್ದೆಯನ್ನೇ ತೋರಿಸಿದೆ. "ಹಾಯಿ ನೀರು ಬಿಡೋದಕ್ಕೂ ಡ್ರಿಪ್ ಹಾಕೋದಕ್ಕೂ ಇರೋ ವ್ಯತ್ಯಾಸ ಅತ್ತೆ. ಇಂಜೆಕ್ಷನ್ ಅಂದ್ರೆ ಒಂದೇ ಸಲ ಮಡಿ ತುಂಬೋದು. ಪಂಪು ಹನಿ ಹನಿಯಾಗಿ ಬಿಡುತ್ತೆ. ಯಾವ ಹೊತ್ತಿಗೆ ಎಷ್ಟು ಅಂತ ನಾವೇ ಹೇಳಬಹುದು." ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಡ್ರಿಪ್ ಪೈಪು ಕಟ್ಟಿಕೊಂಡ್ರೆ ಏನ್ ಮಾಡ್ತೀಯವ್ವ?" ಆ ಪ್ರಶ್ನೆಯನ್ನು ನಾನು ಆವತ್ತೇ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಯಾವ ಪಂಪು ಅಂತ ಹುಡುಕುವ ಮೊದಲು ಒಂದು ಕೆಲಸ ಮಾಡಿದೆ. ನೋಟ್‌ಬುಕ್ಕಿನಲ್ಲಿ ನನ್ನ ಒಂದು ದಿನವನ್ನು ಗಂಟೆ ಗಂಟೆಗೂ ಬರೆದುಕೊಂಡೆ. 5.30ಕ್ಕೆ ಏಳುವುದು. ಒಲೆ ಮುಂದೆ ಒಂದು ಗಂಟೆ. ಸ್ಕೂಟರಿನಲ್ಲಿ ಮಂಡ್ಯ. ಐದು ಪೀರಿಯಡ್ ನಿಂತು ಪಾಠ. ಸೀರೆ. ಶಾಲೆಯಲ್ಲಿ ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ. ಸಂಜೆ ಕೊಟ್ಟಿಗೆ ಕೆಲಸ. ರಾತ್ರಿ ಮುದ್ದೆ. ಸುಗ್ಗಿಯಲ್ಲಿ ಮನೆಯ ಆಲೆಮನೆ. ಈ ಪುಟ ಇಟ್ಟುಕೊಂಡು ನೋಡಿದಾಗ ಬ್ರೋಷರಿನ ಅರ್ಧ ಮಾತು ನನಗೆ ಬೇಕಿರಲಿಲ್ಲ, ನನಗೆ ಬೇಕಾದ ಅರ್ಧ ಮಾತು ಅದರಲ್ಲಿ ಇರಲೇ ಇಲ್ಲ.

ಪಂಪುಗಳಲ್ಲಿ ನಾನು ಕಂಡಂತೆ ಮೂರ್ನಾಲ್ಕು ಬಗೆ. ಒಂದು ಬರೀ ಪಂಪು. ನಾವು ಹೇಳಿದಷ್ಟು ಬಿಡುತ್ತದೆ, ಶುಗರ್ ನಾವೇ ನೋಡಿಕೊಳ್ಳಬೇಕು. ಇನ್ನೊಂದು ಸೆನ್ಸರ್ ಜೊತೆ ಮಾತಾಡಿ, ಲೋ ಆಗುವ ಸೂಚನೆ ಕಂಡರೆ ಇನ್ಸುಲಿನ್ ನಿಲ್ಲಿಸುವುದು. ಮೂರನೆಯದು ಆಟೋ. ಐದೈದು ನಿಮಿಷಕ್ಕೆ ಸೆನ್ಸರ್ ಓದಿ ತಾನೇ ಏರಿಸಿ ಇಳಿಸುತ್ತದೆ. ಈ ಥರದ ಮೊದಲ ಪಂಪು ಮಿನಿಮೆಡ್ 670ಜಿ, ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಆಟೋ ಅಂದರೂ ಹೆಚ್ಚಿನವುಗಳಲ್ಲಿ ಊಟಕ್ಕೆ ಮುಂಚೆ ಎಷ್ಟು ಕಾರ್ಬ್ (ಪಿಷ್ಟ, ಸಕ್ಕರೆಯ ಅಂಶ) ತಿನ್ನುತ್ತೇವೆ ಅಂತ ನಾವು ಹೇಳಲೇಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಪಂಪು ಹಾಕಿಸಿಕೊಂಡರೆ ಎಲ್ಲ ಅದೇ ನೋಡಿಕೊಳ್ಳುತ್ತೆ ಅಂದುಕೊಳ್ಳುತ್ತಾರೆ. ನಾಲ್ಕನೆಯದು ಪಂಪಿನಿಂದ ಮೈಗೆ ಬರುವ ನಳಿಕೆಯೇ ಇಲ್ಲದೆ ಮೈಗೆ ಅಂಟಿಕೊಳ್ಳುವ ಆಮ್ನಿಪಾಡ್ ಥರದ್ದು. ಸೀರೆಗೆ ಅದೇ ಚೆನ್ನ ಅನ್ನಿಸಿತು. ನಾನು ವಿಚಾರಿಸಿದಾಗ ಹೊರದೇಶದಿಂದ ತರಿಸಬೇಕು ಅಂದರು. ಮೂರು ದಿನಕ್ಕೊಂದು ಪಾಡ್ ಬೇಕು, ಒಂದು ಸಲ ಬರುವುದು ತಡವಾದರೆ ಗತಿಯೇನು? ಬಿಟ್ಟೆ.

ನಾನು ತೆಗೆದುಕೊಂಡಿದ್ದು ಆಟೋ. ಕಂಪನಿ ಹೆಸರು ಬರೆಯುತ್ತಿಲ್ಲ. ನನಗೆ ಹೊಂದಿದ್ದು ನಿಮಗೆ ಹೊಂದಬೇಕು ಅಂತಿಲ್ಲ ಅಲ್ವಾ. ಆದರೆ ತೀರ್ಮಾನಕ್ಕೆ ಬಂದದ್ದು ಹೇಗೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ಎಲ್ಲರೂ ಮೊದಲು ಕೇಳುವುದು ಪಂಪಿನ ಬೆಲೆ. ನಾವೂ ಅದನ್ನೇ ಕೇಳಿದೆವು. ಆಮೇಲೆ ಒಂದು ರಾತ್ರಿ ನಾನೂ ನಮ್ಮ ಮನೆಯವರೂ ಹಳೆಯ ಕ್ಯಾಲೆಂಡರಿನ ಹಿಂದೆ ಸಾಮಾನಿನ ಲೆಕ್ಕ ಹಾಕಿದೆವು. ಚರ್ಮದೊಳಗೆ ಹೋಗುವ ಸಣ್ಣ ಕೊಳವೆಯ ಸೆಟ್ಟನ್ನು ಮೂರು ದಿನಕ್ಕೊಮ್ಮೆ ಬದಲಿಸಬೇಕು. ವರ್ಷಕ್ಕೆ 122. ಹತ್ತರ ಬಾಕ್ಸಾದರೆ 13 ಬಾಕ್ಸ್. ಇನ್ಸುಲಿನ್ ತುಂಬುವ ರಿಸರ್ವಾಯರ್ ಕೂಡ ಅಷ್ಟೇ. ಸೆನ್ಸರ್ ಏಳು ದಿನದ್ದು, ವರ್ಷಕ್ಕೆ 52. ಇದನ್ನೆಲ್ಲ ಪಂಪಿನ ವಾರಂಟಿ ಇರುವ ನಾಲ್ಕು ವರ್ಷಕ್ಕೆ ಗುಣಿಸಿದಾಗ ಪಂಪಿನ ಬೆಲೆಯನ್ನೇ ದಾಟಿತು. ಪಂಪು ಒಂದು ಸಲದ ಸಾಲ. ಸಾಮಾನು ತಿಂಗಳು ತಿಂಗಳೂ ಬರುವ ಬಾಡಿಗೆ. ಸಾಲ ಕೊಡುವ ನೆಂಟರು ಸಿಗಬಹುದು, ಬಾಡಿಗೆ ನಾವೇ ಕಟ್ಟಬೇಕು.

ಹಾಗಾಗಿ ಒಂದು ವಿಷಯ ಮೊದಲೇ ಒಪ್ಪಿಕೊಂಡೆವು. ನಾಲ್ಕು ಸೆನ್ಸರ್ ಕೊಳ್ಳಲು ಆಗದ ತಿಂಗಳು ಬರುತ್ತದೆ. ಕಬ್ಬಿನ ದುಡ್ಡು ತಡವಾದ ವರ್ಷ ಖಂಡಿತ ಬರುತ್ತದೆ. ಆಗ ಈ ಪಂಪು ಸೆನ್ಸರ್ ಇಲ್ಲದೆ, ಬೆರಳು ಚುಚ್ಚಿ ನೋಡಿದ ಲೆಕ್ಕದ ಮೇಲೆ ನೆಟ್ಟಗೆ ನಡೆಯಬೇಕು. ಕಂಪನಿಯವರಿಗೆ ನಾನು ಹೆಚ್ಚು ಕೇಳಿದ ಪ್ರಶ್ನೆಗಳು ಇದರ ಬಗ್ಗೆಯೇ. ಮ್ಯಾನುಯಲ್‌ನಲ್ಲಿ, ಅಂದರೆ ಆಟೋ ಇಲ್ಲದೆ ನಾವೇ ಹೇಳಿ ನಡೆಸುವಾಗ, ಒಂದೊಂದು ಗಂಟೆಗೂ ಬೇರೆ ಪ್ರಮಾಣ ಇಡಬಹುದಾ? ಬ್ಯಾಟರಿ ಯಾವುದು? ಪೆನ್ಸಿಲ್ ಸೆಲ್ ಅಂದರು. ಅದು ನಮ್ಮೂರ ಅಂಗಡಿಯಲ್ಲಿ ಸಿಗುತ್ತದೆ. ಕರೆಂಟ್ ನಂಬಿಕೊಂಡು ಚಾರ್ಜ್ ಮಾಡುವ ಯಂತ್ರಕ್ಕಿಂತ ನನಗೆ ಇದು ಎಷ್ಟೋ ವಾಸಿ. ಕೆಟ್ಟರೆ ಬದಲಿ ಪಂಪು ಎಷ್ಟು ದಿನಕ್ಕೆ ಮಂಡ್ಯಕ್ಕೆ ಬರುತ್ತದೆ? ಬೆಂಗಳೂರಿಗೆ ಅಲ್ಲ, ಮಂಡ್ಯಕ್ಕೆ. ಇದನ್ನು ಬರವಣಿಗೆಯಲ್ಲಿ ಕೇಳಿ ಪಡೆದೆ.

ಕೊಳ್ಳುವ ಮುಂಚೆ ಒಂದು ಪಂಪನ್ನು ಬರೀ ಸಲೈನ್ ತುಂಬಿ ನಾಲ್ಕು ದಿನ ಹಾಕಿಕೊಂಡು ನೋಡಿದೆ. ಕೇಳಿದರೆ ಕೆಲವು ಕಡೆ ಕೊಡುತ್ತಾರೆ, ದಯವಿಟ್ಟು ಕೇಳಿ. ಇಂಜೆಕ್ಷನ್ ಎಂದಿನಂತೆ ನಡೆಯುತ್ತಿರುತ್ತದೆ, ಪಂಪು ಸುಮ್ನೆ ಮೈಮೇಲೆ ಇರುತ್ತದೆ. ಆ ನಾಲ್ಕು ದಿನದಲ್ಲಿ ನಾನು ಕಲಿತದ್ದು ಯಾವ ಡೆಮೊದಲ್ಲೂ ಇರಲಿಲ್ಲ. ಅವರು ಕೊಟ್ಟ ನಳಿಕೆ 110 ಸೆಂಟಿಮೀಟರ್. ಸೀರೆಯ ಮಗ್ಗುಲಿನಿಂದ ಕುಣಿಕೆಯ ಹಾಗೆ ಹೊರಗೆ ಬಂದು ಟೇಬಲ್ಲಿನ ಡ್ರಾಯರಿಗೆ ಸಿಕ್ಕಿಕೊಂಡಿತು. ಎಂಟನೇ ಕ್ಲಾಸಿನ ಮಕ್ಕಳ ಮುಂದೆಯೇ ಸೆಟ್ ಕಿತ್ತು ಬಂತು. 60ರದ್ದು ಸಾಕು ಅಂತ ಆವತ್ತೇ ಗೊತ್ತಾಯಿತು. ಸೊಂಟಕ್ಕೆ ಕ್ಲಿಪ್ ಹಾಕಿದರೆ ಶೌಚಾಲಯದಲ್ಲಿ ಕೂತಾಗ ಜಾರುತ್ತದೆ. ಕುತ್ತಿಗೆಗೆ ಹಾಕಿದರೆ ಬ್ಲೌಸಿನ ಒಳಗೆ ಬೆವರು. ಕೊನೆಗೆ ಲಂಗದ ಪಟ್ಟಿಗೆ ಒಳಗಡೆಯಿಂದ ಒಂದು ಜೇಬು ಹೊಲಿದುಕೊಂಡೆ.

ಇದು ಬಟ್ಟೆಯ ಮಾತು ಮಾತ್ರ ಅಲ್ಲ. ಮದುವೆಯಾದ ಹೊಸದರಲ್ಲಿ ನಾನು ಬಚ್ಚಲಲ್ಲಿ ನಿಂತು ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೆ. ನೆಂಟರಿಗೆ ಕಾಣಬಾರದು ಅಂತ. ಪಂಪನ್ನು ಹಾಗೆ ಬಚ್ಚಿಡಲು ಆಗುವುದಿಲ್ಲ. ಅದು ಸದ್ದು ಮಾಡುತ್ತದೆ. ಇದನ್ನು ಹಾಕಿಕೊಳ್ಳುವ ಮುಂಚೆ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಂದು ಸಲ ಹೇಳಿಬಿಟ್ಟೆ. ಹೇಳಿದ ಮೇಲೆ ಎದೆ ಹಗುರಾಯಿತು. ಈಗ ಅಲಾರಂ ಹೊಡೆದರೆ ಪಕ್ಕದ ಮೇಡಂ ಅವರೇ "ಬೆಲ್ಲ ಬೇಕಾ?" ಅಂತ ಕೇಳುತ್ತಾರೆ.

ಶುರು ಮಾಡುವಾಗಿನ ಲೆಕ್ಕ ಗಣಿತದ ಟೀಚರಿಗೆ ಇಷ್ಟವಾಗುವಂಥದ್ದು. ಇಂಜೆಕ್ಷನ್ನಿನಲ್ಲಿ ನನಗೆ ದಿನಕ್ಕೆ ಒಟ್ಟು 44 ಯೂನಿಟ್ ಬೇಕಿತ್ತು. ಪಂಪಿಗೆ ಬರುವಾಗ ಡಾಕ್ಟರ್ ಅದರಲ್ಲಿ ಕಾಲು ಭಾಗ ಕಡಿಮೆ ಮಾಡಿ 33ಕ್ಕೆ ತಂದರು. ಅದರ ಅರ್ಧ ದಿನವಿಡೀ ಹನಿಯುವ ಬೇಸಲ್. 16.5 ಯೂನಿಟ್ಟನ್ನು 24 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 0.7. ಇನ್ನು ಡಾಕ್ಟರುಗಳು ಬಳಸುವ ಅಂದಾಜಿನ ಸೂತ್ರಗಳು. ಊಟಕ್ಕೆ 500ನ್ನು 33ರಿಂದ ಭಾಗಿಸಿದರೆ 15. ಅಂದರೆ 15 ಗ್ರಾಂ ಕಾರ್ಬಿಗೆ ಒಂದು ಯೂನಿಟ್. 1800ನ್ನು 33ರಿಂದ ಭಾಗಿಸಿದರೆ ಸುಮಾರು 55. ಒಂದು ಯೂನಿಟ್ ನನ್ನ ಶುಗರನ್ನು 55 ಇಳಿಸುತ್ತದೆ ಅನ್ನುವ ಅಂದಾಜು. ಇದು ಬರೀ ಶುರು. ಎರಡು ವಾರ ಮ್ಯಾನುಯಲ್‌ನಲ್ಲೇ ನಡೆಸಿ, ರಾತ್ರಿ 11ರಿಂದ 3ರವರೆಗೆ 0.55, ನಸುಕಿನ 3ರಿಂದ 7ರವರೆಗೆ 0.95 ಎಂದು ತಿದ್ದಿದರು. 22 ವರ್ಷದಲ್ಲಿ ಮೊದಲ ಸಲ ಬೆಳಗ್ಗೆ ಎದ್ದು 124 ನೋಡಿದೆ. ಅತ್ತೆಯನ್ನು ಕರೆದು ತೋರಿಸಿದೆ. ನಿಮ್ಮ ಸಂಖ್ಯೆ ಬೇರೆ ಇರುತ್ತದೆ. ನಿಮ್ಮ ಡಾಕ್ಟರ್ ಜೊತೆ ಕೂತೇ ಮಾಡಿ.

ಮುದ್ದೆ ಸ್ವಲ್ಪ ಕಾಡಿಸಿತು. ಪ್ರತಿ ಸಲ ತಕ್ಕಡಿ ಹಿಡಿಯಲು ಆಗುವುದಿಲ್ಲ. ಒಂದು ವಾರ ಹಿಟ್ಟು ತೂಗಿ ಕಟ್ಟಿದೆ. 75 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ಸುಮಾರು 50 ಗ್ರಾಂ ಕಾರ್ಬ್. ಈಗ ಕೈಗೆ ಆ ಗಾತ್ರ ಗೊತ್ತು. ನಾಟಿಕೋಳಿ ಸಾರಿನ ದಿನ ಕೊಬ್ಬು ಜಾಸ್ತಿ ಇರುವುದರಿಂದ ಶುಗರ್ ತಡವಾಗಿ ಏರುತ್ತದೆ. ಮ್ಯಾನುಯಲ್‌ನಲ್ಲಿ ಅರ್ಧ ಡೋಸ್ ಈಗ, ಅರ್ಧ ಎರಡು ಗಂಟೆಯಲ್ಲಿ ನಿಧಾನಕ್ಕೆ ಅಂತ ಬಿಡಬಹುದು. ನನ್ನ ಪಂಪಿನ ಆಟೋದಲ್ಲಿ ಆ ಸೌಲಭ್ಯ ಇಲ್ಲ. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿದುಕೊಂಡಿದ್ದೆ. ಆಟೋ ತಾನೇ ಸರಿಮಾಡಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ. ಮುಟ್ಟಿಗೆ ಮೂರ್ನಾಲ್ಕು ದಿನ ಮುಂಚೆ ನನಗೆ ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ. ಹಿಂದೆ ಯಾಕೆ ಏರುತ್ತಿದೆ ಅಂತಲೇ ತಿಳಿಯದೆ ಅಳುತ್ತಿದ್ದೆ.

ಈಗ ಅತ್ತೆಯ ಪ್ರಶ್ನೆಗೆ ಬರುತ್ತೇನೆ. ಚಿಕ್ಕಮ್ಮನ ಮಗಳ ಮದುವೆ, ಮದ್ದೂರಿನ ಛತ್ರ. ರಾತ್ರಿ ಹತ್ತೂವರೆಗೆ ಹೊಸ ಸೆಟ್ ಹಾಕಿಕೊಂಡು ಮಲಗಿದೆ. ಚರ್ಮದೊಳಗೆ ಕೊಳವೆ ಮಡಚಿಕೊಂಡಿತ್ತು. ಗಂಟೆಗೆ ಅರ್ಧ ಯೂನಿಟ್ ಹರಿಯುವಾಗ ತಡೆ ಆಗಿದೆ ಅಂತ ಪಂಪಿಗೆ ತಿಳಿಯಲು ಗಂಟೆಗಟ್ಟಲೆ ಬೇಕು. ಅಂಟಿಸಿದ ಸೆನ್ಸರ್ ಆ ದಿನವೇ ಮುಗಿದಿತ್ತು, ಹೊಸದು ಮನೆಯಲ್ಲಿತ್ತು. ನಾಲ್ಕು ಗಂಟೆಗೆ ವಾಂತಿ ಬಂದಂತಾಗಿ ಎದ್ದೆ. ಶುಗರ್ 372. ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಏರುವ ಆಮ್ಲ, ಕೀಟೋನ್, 1.6. ಪಂಪಿನಲ್ಲಿ ಹರಿಯುವುದು ಬರೀ ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್. ನಿಂತರೆ ಮೈಯಲ್ಲಿ ಹಿಂದಿನದೇನೂ ಉಳಿದಿರುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕೀಟೋನ್ ಏರುತ್ತದೆ. ಚೀಲದಲ್ಲಿ ಇನ್ಸುಲಿನ್ ಪೆನ್ (ಪೆನ್ನಿನಂಥ ಇಂಜೆಕ್ಷನ್) ಇತ್ತು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಷ್ಟು ಪೆನ್ನಿನಲ್ಲೇ ತೆಗೆದುಕೊಂಡು, ಹೊಸ ಸೆಟ್ ಹಾಕಿ, ನೀರು ಕುಡಿಯುತ್ತಾ ಕೂತೆ. ಎಂಟಕ್ಕೆ 210. ಧಾರೆ ಹೊತ್ತಿಗೆ ಎದ್ದು ನಿಂತೆ. ಅಂದಿನಿಂದ ಸೆಟ್ ಬದಲಿಸುವುದು ಬೆಳಗ್ಗೆ ಮಾತ್ರ. ಬದಲಿಸಿ ಎರಡು ಗಂಟೆಗೆ ಶುಗರ್ ನೋಡಲೇಬೇಕು. ಕಾರಣ ತಿಳಿಯದೆ 250 ದಾಟಿದರೆ ಪಂಪನ್ನು ನಂಬದೆ ಪೆನ್ ಹಿಡಿಯುತ್ತೇನೆ.

ಇನ್ಸುಲಿನ್ ತರಿಸುವಾಗಲೂ ಕಣ್ಣಿಡಿ. ಪಂಪು ನಡೆಯುವುದು ಒಂದು ಎಂ.ಎಲ್.ಗೆ 100 ಯೂನಿಟ್ ಇರುವ ಇನ್ಸುಲಿನ್ನಿನ ಲೆಕ್ಕದ ಮೇಲೆ. ನಮ್ಮಲ್ಲಿ 40 ಯೂನಿಟ್ಟಿನ ಬಾಟಲಿಯೂ ಮಾರಾಟದಲ್ಲಿದೆ. ಒಂದು ಅಂಗಡಿಯಲ್ಲಿ ತಮ್ಮನ ಕೈಗೆ ಅದನ್ನೇ ಕೊಟ್ಟು ಕಳಿಸಿದ್ದರು. ತುಂಬಿದ್ದರೆ ಪಂಪು ಒಂದು ಯೂನಿಟ್ ಅಂದಾಗ ನನಗೆ ಸಿಗುತ್ತಿದ್ದುದು ಅರ್ಧಕ್ಕಿಂತ ಕಡಿಮೆ. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳುವ ಮುಂಚೆ ನಿಮ್ಮ ಸೆನ್ಸರಿಗೆ ಅದು ಆಗುತ್ತದಾ ಅಂತಲೂ ಕೇಳಿಕೊಳ್ಳಿ. ಕೆಲವು ಸೆನ್ಸರ್ ಆಗ ಶುಗರನ್ನು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ, ಆಟೋ ಅದನ್ನು ನಂಬಿ ಇನ್ಸುಲಿನ್ ಬಿಡುತ್ತದೆ. ಎಕ್ಸ್‌ರೇ, ಎಂಆರ್‌ಐಗೆ ಹೋದರೆ ಪಂಪನ್ನು ಕೋಣೆಯ ಹೊರಗೆ ಬಿಟ್ಟೇ ಹೋಗಬೇಕು.

ಬಿಸಿಯ ಮಾತು ಆಲೆಮನೆಯಲ್ಲಿ ಕಲಿತೆ. ಕೊಪ್ಪರಿಗೆ ಪಕ್ಕ ಅರ್ಧ ಗಂಟೆ ನಿಂತು ಅಚ್ಚಿಗೆ ಪಾಕ ಸುರಿಯುವುದನ್ನು ನೋಡುತ್ತಿದ್ದೆ. ಆ ಸಂಜೆ ಎಷ್ಟು ಕೊಟ್ಟರೂ ಶುಗರ್ ಇಳಿಯಲಿಲ್ಲ. ಪಂಪಿನೊಳಗಿನ ಇನ್ಸುಲಿನ್ 37 ಡಿಗ್ರಿ ದಾಟಿದರೆ ಚೆಲ್ಲಿ ಹೊಸದು ತುಂಬಬೇಕು. ಸ್ಕೂಟರಿನ ಡಿಕ್ಕಿಯಲ್ಲಿ ಪೆನ್ ಇಡುವುದನ್ನೂ ಬಿಟ್ಟೆ. ಮನೆಯಲ್ಲಿ ಕರೆಂಟ್ ಹೋದಾಗ ಅತ್ತೆ ನೀರು ತುಂಬಿದ ಮಡಕೆಯ ಪಕ್ಕ, ಒದ್ದೆ ಮರಳಿನ ಮೇಲೆ ಇನ್ನೊಂದು ಸಣ್ಣ ಮಡಕೆ ಇಟ್ಟು ಅದರಲ್ಲಿ ಇನ್ಸುಲಿನ್ ಬಾಟಲಿ ಇಡುತ್ತಾರೆ.

ಲಂಗದ ಜೇಬಿನ ಅಳತೆ ಇಬ್ಬರು ಕೇಳಿದ್ದಾರೆ, ಇಲ್ಲೇ ಬರೆಯುತ್ತೇನೆ. ಮೆತ್ತನೆ ಹತ್ತಿ ಬಟ್ಟೆ, 12 ಸೆಂಟಿಮೀಟರ್ ಎತ್ತರ, 8 ಅಗಲ. ಲಾಡಿ ಗಂಟಿನಿಂದ ಒಂದು ಗೇಣು ಎಡಕ್ಕೆ, ಪಟ್ಟಿಯ ಒಳಗಡೆ ಹೊಲಿಯಿರಿ. ಮೇಲೆ ಮುಚ್ಚಳಕ್ಕೆ ಟಿಚ್ ಬಟನ್ ಇಡಿ. ಕೆಳಮೂಲೆಯಲ್ಲಿ ನಳಿಕೆ ಬರಲು ಒಂದು ಕಾಜ.